ಅಡುಗೆಮನೆ ಕಪಾಟಿಗೆ ಹೊಸ ಬಣ್ಣ: ಮೊದಲು ಜಿಡ್ಡು ಹೋಗಲಿ

ದೀಪಾವಳಿ ಹತ್ತಿರ ಬಂದರೆ ಕಲಬುರಗಿಯ ಪೇಂಟ್ ಅಂಗಡಿಗಳಲ್ಲಿ ಬಣ್ಣದ ಕಾರ್ಡ್ ತಿರುವುವವರೇ ಜಾಸ್ತಿ. ಯಾವ ಬಣ್ಣ ಅಂತ ಮನೆಮಂದಿಯೆಲ್ಲ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಕಪಾಟಿನ ಬಾಗಿಲು ತೊಳೆಯೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಯುಗಾದಿ ಹೊತ್ತಿಗೆ ಹಿಡಿಕೆ ಸುತ್ತಲಿನ ಬಣ್ಣ ಉಗುರಿಗೆ ಸಿಕ್ಕಿ ಸಿಪ್ಪೆಯಂತೆ ಏಳುತ್ತದೆ. ಆಗ ಬೈಗುಳವೆಲ್ಲ ಪೇಂಟ್ ಕಂಪನಿಗೆ.

ಮೊದಲು ಬಾಗಿಲು ಯಾವುದರದ್ದು ನೋಡಿ. ಮರ ಅಥವಾ ಎನಾಮೆಲ್ ಹೊಡೆದ ಪ್ಲೈವುಡ್ ಆದರೆ ಸುಲಭ. ಸನ್‌ಮೈಕಾ ಇದ್ದರೆ ನುಣುಪು ಮೇಲ್ಮೈಗೆ ಹಿಡಿಯುವ ಬೇರೆ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ಪದರ) ಬೇಕು, ಮಾಮೂಲಿ ವುಡ್ ಪ್ರೈಮರ್ ನಡೆಯಲ್ಲ. ನೀರು ಕುಡಿದು ಉಬ್ಬಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಗಿಲಿಗೆ ದುಡ್ಡು ಸುರಿಯಬೇಡಿ, ಬದಲಿಸಿಬಿಡಿ.

ಬಾಗಿಲು ಬಿಚ್ಚಿ, ಬಿಜಾಗ್ರಿ ಕೂರುವ ಜಾಗದಲ್ಲಿ ನಂಬರ್ ಬರೆದಿಡಿ. ಕೆಳಗೆ ಶಹಾಬಾದ್ ಫರ್ಶಿ ಇದ್ದರೆ ದಪ್ಪ ಚಾದರ ಹಾಸಿ. ಆ ಕಲ್ಲು ಬಣ್ಣ ಹೀರಿಕೊಂಡರೆ ತೆಗೆಯೋದು ಕಷ್ಟ.

ಈಗ ಜಿಡ್ಡು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಗ್ಗರಣೆಗೆ ಕುಸುಬಿ ಎಣ್ಣೆಯೇ ಬೇಕು. ಈ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಬಣ್ಣ, ವಾರ್ನಿಷ್ ತಯಾರಿಸೋಕೂ ಇದನ್ನು ಬಳಸುತ್ತಾರೆ. ಅಂದಮೇಲೆ ಒಲೆ ಮೇಲಿನ ಬಾಗಿಲಿಗೆ ವರ್ಷಗಟ್ಟಲೆ ಕೂತ ಇದರ ಹೊಗೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹಳದಿ ಅಂಟು ಪದರ, ಅದರ ಮೇಲೆ ಜೋಳದ ಹಿಟ್ಟಿನ ಧೂಳು. ಪಾತ್ರೆ ಸೋಪಿಗೆ ಅದು ಜಗ್ಗಲ್ಲ.

ವಾಷಿಂಗ್ ಸೋಡಾ ತನ್ನಿ. ಅಡುಗೆ ಸೋಡಾ ಬೇರೆ, ಅದು ಬೇಡ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸಾಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬಟ್ಟೆ ಅದ್ದಿ ಹಿಂಡಿ ಬಾಗಿಲ ಮೇಲೆ ಐದು ನಿಮಿಷ ಹೊದಿಸಿ, ಜಿಡ್ಡು ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಹಿಡಿಕೆಯ ಬುಡ ಬಿಡಬೇಡಿ. ರೊಟ್ಟಿ ಬಡಿಯುತ್ತ ಹಿಟ್ಟಿನ ಕೈಯಲ್ಲೇ ಬಾಗಿಲು ಎಳೆದು ಎಳೆದು ಅಲ್ಲಿ ಕಂದು ಗೆರೆಯೊಂದು ಕಲ್ಲಾಗಿರುತ್ತದೆ. ಹಿಡಿಕೆ ಬಿಚ್ಚಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಸೋಡಾ ಉಳಿದರೂ ಬಣ್ಣ ಹಿಡಿಯಲ್ಲ.

ಪೂರ್ತಿ ಒಣಗಿದ ಮೇಲೆ, ಗ್ಯಾಸ್ ಆರಿಸಿ ಕಿಟಕಿ ತೆರೆದು, ಟರ್ಪೆಂಟೈನ್ ಅದ್ದಿದ ಬಿಳಿ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡಿ. ಬಟ್ಟೆಗೆ ಅಂಟು ಹಳದಿ ಬಂದರೆ ಮತ್ತೆ ಸೋಡಾ ನೀರು. ಬೇಜಾರು ಮಾಡಿಕೊಳ್ಳಬೇಡಿ.

ತೊಳೆಯೋ ಮೊದಲೇ ಪಾಲಿಶ್ ಪೇಪರ್ ಹಿಡಿಯುವವರಿದ್ದಾರೆ. ಹಾಗೆ ಮಾಡಿದರೆ ಜಿಡ್ಡು ಗೀರುಗಳೊಳಗೆ ಇಳಿದು ಕೂರುತ್ತದೆ. ತೊಳೆದ ಮೇಲೆಯೇ 180 ನಂಬರ್ ಪೇಪರ್ ಹೊಡೆದು ಹೊಳಪು ಕೊಲ್ಲಿ. ಹಳೇ ಕಾಲದ ಎನಾಮೆಲ್ ಇದ್ದರೆ ವಾಟರ್ ಪೇಪರ್ ಬಳಸಿ, ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಮನೆ ಬಣ್ಣಗಳಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಕುಡಿಯಬಾರದು.

ಪ್ರೈಮರ್ ಒಂದು ಕೋಟ್, ಒಣಗಿದ ಮೇಲೆ 320 ಪೇಪರ್ ಹಗುರವಾಗಿ. "ಪ್ರೈಮರ್ ಯಾಕ್ರಿ, ಬಣ್ಣಾನೇ ಇನ್ನೊಂದು ಕೋಟ್ ಹೊಡೀತೀನಿ" ಅನ್ನುವ ಪೇಂಟರ್‌ಗೆ ನಮಸ್ಕಾರ ಹೇಳಿ ಕಳಿಸಿ.

ಬಣ್ಣದ ವಿಷಯದಲ್ಲಿ ನನ್ನ ಓಟು ನೀರಿನ ಎನಾಮೆಲ್‌ಗೆ. ವಾಸನೆ ಕಡಿಮೆ, ಬೇಗ ಒಣಗುತ್ತದೆ. ಆಯಿಲ್ ಎನಾಮೆಲ್ ಗಟ್ಟಿ ನಿಜ, ಆದರೆ ಬಿಳಿ ಹೊಡೆದರೆ ಕ್ರಮೇಣ ಹಳದಿಯಾಗುತ್ತದೆ. ಪಿಯು (ಪಾಲಿಯುರೆಥೇನ್ ಬಣ್ಣ) ಚೆಂದ, ಆದರೆ ಅಳತೆ ನೋಡಿ ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಸ್ಪ್ರೇ ಹೊಡೆಯಬೇಕು, ಅದು ಬಡಗಿ ವರ್ಕ್‌ಶಾಪಿನ ಕೆಲಸ. ಗೋಡೆಗೆ ತಂದು ಉಳಿದ ಎಮಲ್ಷನ್ ಬೇಡವೇ ಬೇಡ. ಸ್ಪ್ರೇ ಡಬ್ಬಿಗಳೂ ಸುಮ್ನೆ ದಂಡ. ಹೊಳಪು ಸ್ಯಾಟಿನ್, ಅಂದರೆ ಮಂದವಾಗಿ ಇರಲಿ. ಗ್ಲಾಸಿಯಲ್ಲಿ ಪ್ರತಿ ಗೀರೂ ಎದ್ದು ಕಾಣುತ್ತದೆ.

ನಾಲ್ಕು ಇಂಚಿನ ಫೋಮ್ ರೋಲರ್, ತೆಳುವಾಗಿ ಎರಡು ಕೋಟ್. ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲಿ ಈ ಕೆಲಸ ಬೇಡ. ರೋಲರ್ ಎಳೆಯುವಷ್ಟರಲ್ಲೇ ಬಣ್ಣ ಬಿಗಿದು ಗೆರೆ ಉಳಿಯುತ್ತದೆ. ನವೆಂಬರಿಂದ ಫೆಬ್ರವರಿ ಒಳ್ಳೆಯ ಕಾಲ. ನೆರಳಲ್ಲಿ ಮಾಡಿ, ಫ್ಯಾನ್ ಹಾಕಬೇಡಿ, ಧೂಳು ಕೂರುತ್ತದೆ.

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಸೋಪು, ಒದ್ದೆ ಬಟ್ಟೆ ಬೇಡ. ಬಾಗಿಲು ಕೂರಿಸುವಾಗ ಒಳಮೂಲೆಗಳಿಗೆ ಸಣ್ಣ ರಬ್ಬರ್ ಬಟನ್ ಅಂಟಿಸಿ. ಇಲ್ಲಾಂದ್ರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ತೆರೆದಾಗ ಬಣ್ಣವೂ ಕಿತ್ತು ಬರುತ್ತದೆ.