ಅಮ್ಮನ ಪಲ್ಸ್ ನೋಡುವುದು ಹೇಗೆ? ಕಾಫಿಗಿಂತ ಮೊದಲು!

ಡೊಂಬಿವಲಿಯಲ್ಲಿ ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ತರಕಾರಿ ಚೀಲ ಹಿಡಿದು ಹತ್ತಿ ಬಂದ ಅಮ್ಮನ ಕೈಗೆ ಅಣ್ಣ ತನ್ನ ಹೊಸ ವಾಚ್ ಕಟ್ಟಿದ. ಬಡಿತ ನಿಮಿಷಕ್ಕೆ 104 ತೋರಿಸಿತು. ಅಣ್ಣನಿಗೆ ಗಾಬರಿ. ಅಮ್ಮ ಮಾತ್ರ "ನಮ್ಮಮ್ಮ 92 ವರ್ಷ ಬದುಕಿದ್ದು ಮಾರಾಯ, ನಂಗೆಂತ ಆಗ್ತದೆ" ಅಂತ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತರು. ಇಬ್ಬರ ಲೆಕ್ಕವೂ ತಪ್ಪು.

ಮೆಟ್ಟಿಲು ಹತ್ತಿ ಬಂದಾಗಿನ ಬಡಿತವಲ್ಲ, ಆರಾಮಾಗಿ ಕೂತಾಗಿನ ಬಡಿತ ಬೇಕು. ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಕಾಫಿಗಿಂತ ಮೊದಲು ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಿಸಿ. ಟಿವಿ ಬೇಡ, ನಲ್ಲಿಯಲ್ಲಿ ನೀರು ಬಂತಾ ಅಂತ ಕೇಳುವುದೂ ಬೇಡ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಇಟ್ಟರೆ ಅದರಲ್ಲೇ ಬಡಿಯುವ ನಿಮ್ಮ ನಾಡಿಯನ್ನೇ ಎಣಿಸಿಬಿಡುತ್ತೀರಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಉಪಾಯ ವಯಸ್ಸಾದವರಿಗೆ ಸರಿಯಾಗುವುದಿಲ್ಲ, ಯಾಕೆಂದರೆ ಅವರಲ್ಲಿ ಬಡಿತ ನಡುವೆ ತಪ್ಪುವುದು, ಒಮ್ಮೆಲೇ ಓಡುವುದು ಜಾಸ್ತಿ, ಪೂರ್ತಿ 60 ಸೆಕೆಂಡ್ ಬೆರಳಿಟ್ಟರೆ ಮಾತ್ರ ಅದು ಗೊತ್ತಾಗುತ್ತದೆ. ಹಾಗೆ ಅಡ್ಡಾದಿಡ್ಡಿ ಬಡಿದರೆ ಇಸಿಜಿ ಮಾಡಿಸಿ, ಮುಂದೂಡಬೇಡಿ. ಕೆಲವು ತರದ ಏರುಪೇರಿನಿಂದ ಪಾರ್ಶ್ವವಾಯು ಬರುವ ಅಪಾಯವಿದೆ. ಇಂಥ ಬಡಿತವನ್ನು ವಾಚ್ ಕೂಡ ತಪ್ಪಾಗಿ ಎಣಿಸಬಹುದು, ಪಟ್ಟಿ ಸಡಿಲವಾಗಿದ್ದರಂತೂ ಕೇಳುವುದೇ ಬೇಡ.

ಮೊದಲ ವಾರ ದಿನಾ ನೋಡಿ, ಆಮೇಲೆ ವಾರಕ್ಕೆ ಎರಡು ಸಲ ಸಾಕು. ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇನೆ. (ಒಮ್ಮೆ ಹಾಲಿನವನು 74 ರೂಪಾಯಿ ಬಾಕಿ ಅಂದುಕೊಂಡ.)

ಸಾಮಾನ್ಯವಾಗಿ 60ರಿಂದ 100 ಸರಿ ಅನ್ನುತ್ತಾರೆ. ನನ್ನ ಕೇಳಿದರೆ ಅಮ್ಮನ ಮಾಮೂಲಿ ಎಷ್ಟು ಅನ್ನುವುದೇ ಮುಖ್ಯ. 68 ಇದ್ದದ್ದು ಎರಡು ವಾರದಿಂದ 84ಕ್ಕೆ ಬಂದು ನಿಂತಿದೆಯಾ? 100ರ ಒಳಗೇ ಇದ್ದರೂ ಡಾಕ್ಟರಿಗೆ ತೋರಿಸಿ. ಜ್ವರ, ರಕ್ತಹೀನತೆ, ಥೈರಾಯ್ಡ್, ಮೇ ತಿಂಗಳ ಸೆಕೆಯಲ್ಲಿ ಸಾಕಷ್ಟು ನೀರು ಕುಡಿಯದಿರುವುದು, ಕಾರಣ ಏನೂ ಇರಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ತರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ 55 ಕಂಡರೂ ಆಶ್ಚರ್ಯವಿಲ್ಲ, ಡಾಕ್ಟರಿಗೆ ಹೇಳಿ, ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಇನ್ನು ಅಜ್ಜಿಯ 92. ಬಡಿತದ ವೇಗ ಸ್ವಲ್ಪ ಮಟ್ಟಿಗೆ ಹೆತ್ತವರಿಂದ ಬರುತ್ತದೆ, ನಿಜ. ಆಯಸ್ಸು? 1996ರಲ್ಲಿ ಡೆನ್ಮಾರ್ಕಿನ ಅವಳಿಗಳನ್ನು ಹೋಲಿಸಿದವರು, ಜನರ ಆಯಸ್ಸಿನಲ್ಲಿರುವ ವ್ಯತ್ಯಾಸದ ಸುಮಾರು ಕಾಲು ಭಾಗ ಅನುವಂಶೀಯತೆಯಿಂದ ಅಂದರು. 2018ರಲ್ಲಿ ಕೋಟಿಗಟ್ಟಲೆ ಜನರ ವಂಶವೃಕ್ಷ ನೋಡಿದ ಇನ್ನೊಂದು ಗುಂಪು ಅದು 10%ಕ್ಕಿಂತ ಕಡಿಮೆ ಅಂದಿತು. ಜನ ತಮ್ಮಂಥವರನ್ನೇ ಮದುವೆಯಾಗುತ್ತಾರೆ (ನಮಗೆ ಇದನ್ನು ಬಿಡಿಸಿ ಹೇಳಬೇಕಾ?), ಹಾಗಾಗಿ ರಕ್ತಸಂಬಂಧವೇ ಇಲ್ಲದ ಬೀಗರ ಆಯಸ್ಸೂ ಹೋಲುತ್ತದೆ, ಆ ಹೋಲಿಕೆಯನ್ನು ಕಳೆದರೆ ಅನುವಂಶೀಯತೆಯ ಪಾಲು ಇಳಿಯುತ್ತದೆ. ಲೆಕ್ಕ ಹಾಕುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅದೂ ಅಲ್ಲದೆ ಅಜ್ಜಿ ಕುಂದಾಪುರದಲ್ಲಿ ದಿನಾ ಬಾವಿಯಿಂದ ನೀರು ಸೇದಿ, ಗದ್ದೆಯಂಚಿನಲ್ಲಿ ನಡೆದವರು. ಅಮ್ಮ ಸೀರಿಯಲ್ ನೋಡುವವರು.

ನಡಿಗೆಯಿಂದ ಬಡಿತ ಇಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು, ಇಳಿಯುವುದೂ ಕೆಲವೇ ಅಂಕಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಮಳೆಗಾಲದಲ್ಲಿ ಬಿಲ್ಡಿಂಗಿನ ಪ್ಯಾಸೇಜಿನಲ್ಲೇ ಆಚೆ ಈಚೆ ನಡೆಯಲಿ, ಅಕ್ಕಪಕ್ಕದವರು ನಗುತ್ತಾರೆ, ನಗಲಿ. ಎದೆನೋವು, ಉಸಿರಾಟಕ್ಕೆ ಕಷ್ಟ, ಕಣ್ಣು ಕತ್ತಲೆ ಬಂದು ಬಿದ್ದದ್ದು, ಇಷ್ಟರಲ್ಲಿ ಯಾವುದಾದರೂ ಇದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.