ಕಲ್ಲಿದ್ದಲು ಬಿಟ್ಟುಹೋದ ಹಾದಿಗಳು: ರೂರ್ ಪ್ರದೇಶದಲ್ಲಿ ಒಂದು ದಿನದ ಗ್ರಾವೆಲ್ ಸೈಕಲ್ ಸವಾರಿ

ಜರ್ಮನಿಯ ರೂರ್ ಪ್ರದೇಶದ ಭೂಪಟವನ್ನು ಮೊದಲ ಸಲ ನೋಡಿದವರಿಗೆ ಅಲ್ಲಿ ಸೈಕಲ್ ಓಡಿಸುವ ಆಸೆ ಹುಟ್ಟುವುದು ಕಷ್ಟ. ಡ್ಯೂಸ್‌ಬುರ್ಗ್‌ನಿಂದ ಡಾರ್ಟ್‌ಮುಂಡ್‌ವರೆಗೆ ಊರಿಗೆ ಊರು ಅಂಟಿಕೊಂಡಿದೆ, 50 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ನಡುವೆ ಆಟೋಬಾನ್ ಹೆದ್ದಾರಿಗಳು ಬಲೆಯಂತೆ ಹರಡಿವೆ. ಹಾಗಿದ್ದರೂ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾರುಗಳ ಗೊಡವೆ ಹೆಚ್ಚೇನೂ ಇಲ್ಲದೆ ಜಲ್ಲಿ ದಾರಿಯಲ್ಲೇ ಸುತ್ತಬಹುದು. ಅದು ಹೇಗೆಂದು ತಿಳಿಯಬೇಕಾದರೆ ಭೂಪಟವನ್ನು ಪ್ರವಾಸಿಗನ ಕಣ್ಣಿನಿಂದಲ್ಲ, ಹಳೆಯ ಗಣಿ ಕಂಪನಿಯ ಸಾಗಣೆ ಗುಮಾಸ್ತನ ಕಣ್ಣಿನಿಂದ ನೋಡಬೇಕು: ಕಲ್ಲಿದ್ದಲು ಎಲ್ಲಿಂದ ಹೊರಟಿತು, ಯಾವುದರ ಮೇಲೆ ಹೋಯಿತು, ಅದರ ಕಸ ಎಲ್ಲಿ ಬಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ದಾರಿಯೂ ಸಿಕ್ಕಂತೆ.

ಮೊದಲನೆಯದು ಸರಕು ರೈಲಿನ ಹಾದಿ. ಅದಿರು ಹೊತ್ತ ಗಾಡಿ ಕಡಿದಾದ ಏರನ್ನು ಹತ್ತಲಾರದ್ದರಿಂದ, ಅಂದಿನ ಎಂಜಿನಿಯರುಗಳು ಎತ್ತರದ ಏರಿ ಕಟ್ಟಿ, ರಸ್ತೆಗಳ ಮೇಲೆ ಸೇತುವೆ ಹಾಯಿಸಿ, ಏರಿಳಿತ ಗೊತ್ತೇ ಆಗದಂತೆ ಹಾದಿ ಎಳೆದರು. ಹಳಿ ಕಿತ್ತ ಮೇಲೆ ಹಲವು ಕಡೆ ಅದೇ ಏರಿಯ ಮೇಲೆ ಸಣ್ಣ ಜಲ್ಲಿಯನ್ನೂ ಕಲ್ಲುಪುಡಿಯನ್ನೂ ಹರಡಿ, ನೀರು ಹಾಯಿಸಿ, ರೋಲರ್‌ನಿಂದ ಅದುಮಿದ್ದಾರೆ. ಎರಡನೆಯದು 1914ರಲ್ಲಿ ತೆರೆದ ರೈನ್-ಹೆರ್ನೆ ಕಾಲುವೆಯ ದಂಡೆ. ಇದು ಸಮತಟ್ಟು, ನೇರ, ಸ್ವಲ್ಪ ಬೇಸರದ್ದು ಕೂಡ. ಮೂರನೆಯದೇ ನಿಜವಾದ ಆಕರ್ಷಣೆ: ಜರ್ಮನ್ನರು ಹಾಲ್ಡೆ ಎಂದು ಕರೆಯುವ, ಗಣಿ ತ್ಯಾಜ್ಯದ ದಿಬ್ಬಗಳು.

ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಹಾಲ್ಡೆಗಳ ಬೋಳು ನೆತ್ತಿಯ ಆಕಾರ ಹೊಸದೆನಿಸದು, ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಕೋಲಾರದ್ದು ಅದಿರನ್ನು ಅರೆದು ಸಯನೈಡ್‌ನಲ್ಲಿ ಸಂಸ್ಕರಿಸಿ ಉಳಿದ, ಗಾಳಿ ಬೀಸಿದರೆ ಊರೊಳಗೆ ನುಗ್ಗುವ ನುಣುಪು ಪುಡಿ. ಅದರ ಮೇಲೆ ಸೈಕಲ್ ಹತ್ತಿಸುವ ಯೋಚನೆಯೇ ಬೇಡ. ರೂರ್‌ನದು ಕಲ್ಲಿದ್ದಲಿನ ಜೊತೆ ನೆಲದಾಳದಿಂದ ಬಂದ ಕಪ್ಪು ಕಲ್ಲು, ಅದಕ್ಕೆ ಆಕಾರ ಕೊಟ್ಟು, ಗಿಡ ಬೆಳೆಸಿ, ದಾರಿ ಕೊರೆದು ಜನರಿಗೆ ಬಿಟ್ಟುಕೊಟ್ಟಿದ್ದಾರೆ.

ನಾನು ಶಿಫಾರಸು ಮಾಡುವ ಸುತ್ತು ಬೋಖುಮ್ ರೈಲು ನಿಲ್ದಾಣದಿಂದ ಹೊರಟು ಅಲ್ಲಿಗೇ ಮರಳುತ್ತದೆ. ದಿಬ್ಬದ ಮೇಲೆ ಎಷ್ಟು ತಿರುಗುತ್ತೀರಿ ಎಂಬುದನ್ನು ಅವಲಂಬಿಸಿ 55ರಿಂದ 65 ಕಿ.ಮೀ. ಆಗುತ್ತದೆ. ನಿಲ್ದಾಣದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ವೆಸ್ಟ್‌ಪಾರ್ಕ್ ಇದೆ, ಅಂದರೆ ಹಿಂದಿನ ಉಕ್ಕಿನ ಕಾರ್ಖಾನೆಯ ಅಂಗಳ. 1902ರ ಡ್ಯುಸೆಲ್‌ಡಾರ್ಫ್ ಪ್ರದರ್ಶನಕ್ಕೆಂದು ಕಟ್ಟಿ, ಆಮೇಲೆ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ ಯಾರ್‌ಹುಂಡರ್ಟ್‌ಹಾಲೆ ಎಂಬ ಭವನದ ಬಳಿಯೇ ಎರ್ಟ್ಸ್‌ಬಾನ್, ಅಂದರೆ ಅದಿರು ರೈಲಿನ ಹಾದಿ, ಆರಂಭವಾಗುತ್ತದೆ. ಕಾಲುವೆಯ ಬಂದರಿನಿಂದ ಕುಲುಮೆಗೆ ಅದಿರು ತರುತ್ತಿದ್ದ ಈ ಹಾದಿ ಸುಮಾರು 10 ಕಿ.ಮೀ. ಉದ್ದವಿದ್ದು, ಬೋಖುಮ್‌ನಿಂದ ಹೊರಟವರಿಗೆ ಉದ್ದಕ್ಕೂ ನಯವಾದ ಇಳಿಜಾರು. ಮನೆಗಳ ಹಿತ್ತಿಲು, ತರಕಾರಿ ಮಡಿ, ಒಣಹಾಕಿದ ಬಟ್ಟೆ ಎಲ್ಲವೂ ಕೆಳಗೆ ಕಾಣುತ್ತವೆ. ಆಗಸ್ಟ್‌ನಲ್ಲಿ ಎರಡೂ ಬದಿಯ ಮುಳ್ಳುಪೊದೆಗಳಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗಿರುವುದರಿಂದ ನಿಗದಿತ ವೇಳೆಗೆ ತಲುಪುವ ಭರವಸೆಯನ್ನು ಯಾರಿಗೂ ಕೊಡಬೇಡಿ.

ಹಾದಿಯ ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಗ್ರಿಮ್‌ಬರ್ಗರ್ ಸಿಶೆಲ್ ಸೇತುವೆ ಕಾಲುವೆಯನ್ನು ದಾಟಿಸುತ್ತದೆ. ಅಲ್ಲಿಂದ ಪೂರ್ವಕ್ಕೂ ಮುಂದೆ ಉತ್ತರಕ್ಕೂ ತಿರುಗಿ ಹೆರ್ಟೆನ್ ಊರಿನ ಹೋಹೆವಾರ್ಡ್ ದಿಬ್ಬಕ್ಕೆ ಹೋಗಬೇಕು. ಇದರ ನೆತ್ತಿ ಸಮುದ್ರಮಟ್ಟದಿಂದ 152 ಮೀಟರ್ ಎತ್ತರದಲ್ಲಿದ್ದು, ಸುತ್ತಲಿನ ನೆಲದಿಂದ ಸುಮಾರು 100 ಮೀಟರ್ ಏರಬೇಕಾಗುತ್ತದೆ. ನೇರವಾಗಿ ಮೇಲೇರುವ ಮೆಟ್ಟಿಲುಗಳನ್ನು ಕಂಡು ಮೋಸಹೋಗದೆ, ದಿಬ್ಬವನ್ನು ಸುತ್ತುವರಿದ ದಾರಿಯನ್ನು ಹಿಡಿದು ನಿಧಾನವಾಗಿ ಮೇಲಕ್ಕೆ ಸಾಗಿ. ಏರುತ್ತಿದ್ದಂತೆ ಬರ್ಚ್ ಮರಗಳು ವಿರಳವಾಗುತ್ತವೆ, ಚಕ್ರದಡಿಯ ಸದ್ದು ಬದಲಾಗುತ್ತದೆ. ಕೆಳಗೆ ಮೆತ್ತಗೆ ಸರಗುಡುತ್ತಿದ್ದ ಜಲ್ಲಿ ಮೇಲೆ ಒಡೆದ ಹಂಚಿನಂತೆ ಕಟಕಟ ಎನ್ನತೊಡಗುತ್ತದೆ. ನೆತ್ತಿಯಲ್ಲಿ 2008ರಲ್ಲಿ ನಿಲ್ಲಿಸಿದ ಎರಡು ಬೃಹತ್ ಉಕ್ಕಿನ ಕಮಾನುಗಳೂ ಅವುಗಳ ಸುತ್ತ ತಡೆಯಿಲ್ಲದ ಗಾಳಿಯೂ ಇವೆ. ಸುತ್ತ ಕಾಣುವ ಚಿಮಣಿ, ಗಣಿ ಗೋಪುರ, ಇತರ ದಿಬ್ಬಗಳನ್ನು ಒಂದೊಂದಾಗಿ ಗುರುತಿಸಿಕೊಂಡರೆ ಮುಂದಿನ ಸವಾರಿಗಳ ಪಟ್ಟಿಯೂ ಅಲ್ಲೇ ತಯಾರಾಗುತ್ತದೆ.

ಇಳಿಯುವಾಗಲೇ ಎಚ್ಚರ ಬೇಕು. ನನ್ನ ಮೊದಲ ಸವಾರಿಯಲ್ಲಿ 32 ಮಿ.ಮೀ. ಟೈರ್ ಸಾಕೆಂದು ಹಠ ಹಿಡಿದು, ಮಳೆ ನಿಂತ ಅರ್ಧ ಗಂಟೆಯಲ್ಲೇ ಇಂಥದೊಂದು ಇಳಿಜಾರಿಗೆ ಇಳಿದಿದ್ದೆ. ಒದ್ದೆ ಕಲ್ಲಿನ ಅಲಗಿನಂಥ ಅಂಚು ಟೈರಿನ ಪಕ್ಕವನ್ನು ಬೆರಳಗಲ ಸೀಳಿತು. ಐದು ಯೂರೊ ನೋಟನ್ನು ಮಡಿಸಿ ಒಳಗಿಟ್ಟು, ಹೊಸ ಟ್ಯೂಬ್ ಹಾಕಿ, ಕುಂಟುತ್ತ ಊರು ಸೇರಿದೆ. ಆದ್ದರಿಂದ 40ರಿಂದ 45 ಮಿ.ಮೀ. ಅಗಲದ, ಪಕ್ಕದ ಪದರ ಗಟ್ಟಿಯಾಗಿರುವ ಟ್ಯೂಬ್‌ಲೆಸ್ ಟೈರ್ ಇರಲಿ, 70 ಕೆ.ಜಿ. ತೂಕದವರು 30ರಿಂದ 35 ಪಿಎಸ್ಐ ಗಾಳಿಯಿಂದ ಆರಂಭಿಸಿ ತಮಗೆ ಹೊಂದುವಂತೆ ಕಡಿಮೆ ಹೆಚ್ಚು ಮಾಡಿಕೊಳ್ಳಬಹುದು. ಸಣ್ಣ ತೂತನ್ನು ಟೈರಿನೊಳಗೆ ಹಾಕುವ ಸೀಲಂಟ್ ಎಂಬ ಅಂಟುದ್ರವ ಮುಚ್ಚುತ್ತದೆ, ಸೀಳನ್ನು ಮುಚ್ಚುವುದಿಲ್ಲ. ಒಂದು ಟ್ಯೂಬ್, ಒಂದು ತುಂಡು ಹಳೆಯ ಟೈರ್ ಚೀಲದಲ್ಲಿರಬೇಕು. ಗುರುತು ಮಾಡಿದ ದಾರಿ ಬಿಟ್ಟು ಇಳಿಯಬೇಡಿ. ಸಡಿಲ ಇಳಿಜಾರು ಮಾತ್ರ ಕಾರಣವಲ್ಲ, ಕೆಲವು ಹಳೆಯ ದಿಬ್ಬಗಳ ಒಡಲಲ್ಲಿ ಉಳಿದ ಕಲ್ಲಿದ್ದಲು ಇನ್ನೂ ಹೊಗೆಯಾಡುತ್ತಿರುತ್ತದೆ.

ಮತ್ತೆ ಕಾಲುವೆಗೆ ಬಂದು ಪಶ್ಚಿಮಕ್ಕೆ ತಿರುಗಿದರೆ ಬಹುಪಾಲು ದಿನಗಳಲ್ಲಿ ಎದುರುಗಾಳಿ. ಇಬ್ಬರು ಮೂವರಿದ್ದರೆ ಒಬ್ಬರ ಹಿಂದೊಬ್ಬರು ಸಾಗುವುದು ಜಾಣತನ. ಪಕ್ಕದಲ್ಲೇ ಕಾಂಕ್ರೀಟ್ ತೊಟ್ಟಿಯಂತೆ ಹರಿಯುವುದು ಎಮ್‌ಷರ್ ನದಿ. ಗಣಿಗಾರಿಕೆಯಿಂದ ನೆಲ ಕುಸಿಯುತ್ತಲೇ ಇದ್ದುದರಿಂದ ಕೊಳವೆಗಳು ಒಡೆದಾವೆಂಬ ಭಯಕ್ಕೆ ಇಲ್ಲಿ ಭೂಗತ ಚರಂಡಿ ಹಾಕದೆ, ನೂರಕ್ಕೂ ಹೆಚ್ಚು ವರ್ಷ ಇಡೀ ಪ್ರದೇಶದ ಕೊಳಚೆಯನ್ನು ಈ ನದಿಯಲ್ಲೇ ಹರಿಸಿದರು. ಗಣಿಗಳು ಉತ್ತರಕ್ಕೆ ಸರಿದು ನೆಲ ನೆಲೆನಿಂತ ಮೇಲೆ, 1992ರಲ್ಲಿ ಆರಂಭವಾದ ಕಾಮಗಾರಿಯಲ್ಲಿ 51 ಕಿ.ಮೀ. ಉದ್ದದ ಭೂಗತ ಕೊಳಚೆ ಕಾಲುವೆ ಕಟ್ಟಿ, 2021ರ ಕೊನೆಗೆ ನದಿಯನ್ನು ಕೊಳಚೆಯಿಂದ ಬಿಡಿಸಿದರು. ಮೂಗು ಮುಚ್ಚಿಕೊಳ್ಳದೆ ಇಲ್ಲಿ ಸೈಕಲ್ ತುಳಿಯಬಹುದಾದದ್ದು ತೀರ ಇತ್ತೀಚಿನ ಭಾಗ್ಯ.

ಗೋಪುರದ ತುದಿಯಲ್ಲಿ 18 ಮೀಟರ್ ಎತ್ತರದ ಹರ್ಕ್ಯುಲಿಸ್ ಪ್ರತಿಮೆ ಕಂಡರೆ ನಾರ್ಡ್‌ಸ್ಟರ್ನ್ ಗಣಿ ಬಂತೆಂದು ತಿಳಿಯಿರಿ. ಅಲ್ಲಿ ದಕ್ಷಿಣಕ್ಕೆ ತಿರುಗಿ, ಇನ್ನೊಂದು ರೈಲುಹಾದಿ ಹಿಡಿದು ಎಸೆನ್‌ನ ತ್ಸೋಲ್‌ಫೆರೈನ್ ಗಣಿ ಸೇರಬಹುದು. 1932ರಲ್ಲಿ ಕೆಲಸ ಆರಂಭಿಸಿದ ಇದರ 12ನೆಯ ಬಾವಿಯ ಗೋಪುರ ಈಗ ಇಡೀ ಪ್ರದೇಶದ ಗುರುತಾಗಿದೆ. ಕಲ್ಲಿದ್ದಲು ತೆಗೆಯುವುದು 1986ರಲ್ಲಿ ನಿಂತಿತು. ಆವರಣ 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕೋಲಾರದ ಗಣಿಗೆ ಬೀಗ ಬಿದ್ದದ್ದೂ ಅದೇ 2001ರಲ್ಲಿ ಎಂಬುದು ಕನ್ನಡಿಗರಿಗೆ ಇಲ್ಲಿ ನೆನಪಾಗದೆ ಇರದು. ಒಳಗೆ ಜನ ನಡೆದಾಡುತ್ತಿರುತ್ತಾರೆ, ಉಳಿದ ಹಳಿಗಳ ಸಂದಿ ಚಕ್ರವನ್ನು ಹಿಡಿದುಬಿಡುತ್ತದೆ. ಹಳಿಯನ್ನು ಯಾವಾಗಲೂ ಅಡ್ಡಲಾಗಿಯೇ ದಾಟಿ.

ಇಲ್ಲಿಂದ ಹಳೆಯ ಕ್ರೈ-ವಾನೆ ರೈಲುಹಾದಿ ಪೂರ್ವಕ್ಕೆ ಎರ್ಟ್ಸ್‌ಬಾನ್‌ಗೆ ಮರಳಿಸುತ್ತದೆ. ದಾರಿ ತಪ್ಪುವ ಭಯ ಕಡಿಮೆ, ಏಕೆಂದರೆ ಕವಲು ಕವಲಿಗೂ ಸಂಖ್ಯೆ ಬರೆದ ಕೆಂಪು-ಬಿಳಿ ಫಲಕಗಳಿವೆ. ಮನೆಯಲ್ಲೇ ಸಂಖ್ಯೆಗಳನ್ನು ಕ್ರಮವಾಗಿ ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಫೋನಿನ ಬ್ಯಾಟರಿ ಉಳಿಯುತ್ತದೆ. ರಸ್ತೆ ದಾಟುವೆಡೆಗಳಲ್ಲಿ ಎದುರಾಗುವ ಕಬ್ಬಿಣದ ಅಡ್ಡಗಂಬಿಗಳಿಗೆ ಅಗಲ ಹ್ಯಾಂಡಲ್ ಸಿಕ್ಕಿಕೊಳ್ಳುವುದುಂಟು, ಇಳಿದು ನಡೆಸಿ. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ಬೀದಿ ಮೂಲೆಯ ಟ್ರಿಂಕ್‌ಹಾಲೆ ಎಂಬ ಪುಟ್ಟ ಅಂಗಡಿಗಳು ನೀರು, ಬಿಸ್ಕತ್ತಿಗೆ ಒದಗುತ್ತವೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡುವುದು ಮೇಲು. ರೈಲಿನಲ್ಲಿ ನಿಮ್ಮ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಸ್ಥಳೀಯ ರೈಲು ಬಸ್ಸುಗಳ ತಿಂಗಳ ಪಾಸು, ನಿಮಗೆ ಮಾತ್ರ, ಸೈಕಲ್‌ಗೆ ಬೇರೆ ಟಿಕೆಟ್ ಕೊಳ್ಳಬೇಕು.

ಕೊನೆಯ ಹಂತಕ್ಕೆ ಕಾಲಿನಲ್ಲಿ ಸ್ವಲ್ಪ ಬಲ ಉಳಿಸಿಕೊಳ್ಳಿ. ಬೆಳಗ್ಗೆ ತಾನಾಗಿ ಉರುಳಿಸಿಕೊಂಡು ಹೋದ ಎರ್ಟ್ಸ್‌ಬಾನ್ ಸಂಜೆ ಏರುಹಾದಿ. ಅದಿರು ತುಂಬಿದ ಗಾಡಿಗಳು ಹೋಗುತ್ತಿದ್ದ ದಿಕ್ಕೂ ಇದೇ.