ನಾನು ಹ್ಯಾಕರ್ ಅಲ್ಲ ಸಾರ್, ಎಲೆಕ್ಟ್ರಿಷಿಯನ್ನು

ನಮ್ಮ ಹ್ಯಾಕಿಂಗ್ ಸಮ್ಮೇಳನದಲ್ಲಿ ಮಾತಾಡಲು ಬನ್ನಿ ಎಂದು ಮೊದಲ ವರ್ಷ ನಾನು ಕಳಿಸಿದ ಆಹ್ವಾನ ನೆನಪಾದರೆ ಇವತ್ತಿಗೂ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಒಂದೇ ಒಕ್ಕಣೆಯ ಇಮೇಲನ್ನು ಹೆಸರು ಮಾತ್ರ ಬದಲಿಸಿ 60 ಜನಕ್ಕೆ ಕಳಿಸಿದ್ದೆ. ಜರ್ಮನಿಯ ಸಂಶೋಧಕಿಯೊಬ್ಬರಿಗೆ ಹೋದದ್ದರಲ್ಲಿ ಹೆಸರು ಬದಲಿಸುವುದೇ ಮರೆತುಹೋಗಿತ್ತು. ಮೇಲೆ ಇನ್ಯಾರೋ ಗಂಡಸಿನ ಹೆಸರು, ಕೆಳಗೆ 'ನಿಮ್ಮ ಕೆಲಸವನ್ನು ಬಹುಕಾಲದಿಂದ ಗಮನಿಸುತ್ತಿದ್ದೇವೆ' ಎಂಬ ಸಾಲು. ಆಕೆ ಸಿಟ್ಟಾಗಲಿಲ್ಲ. 'ನೀವು ಗಮನಿಸುತ್ತಿರುವವರು ಬೇಗ ಸಿಗಲಿ' ಎಂದಷ್ಟೇ ಬರೆದರು. ಉಳಿದ 59ರಲ್ಲಿ ಎರಡಕ್ಕೆ ಉತ್ತರ ಬಂತು. ಎರಡೂ 'ಆಗುವುದಿಲ್ಲ'.

ನಮ್ಮದು ದೊಡ್ಡ ಸಮ್ಮೇಳನವೇನಲ್ಲ. ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಯಾವುದಾದರೂ ಆಫೀಸಿನ ಖಾಲಿ ಮೀಟಿಂಗ್ ರೂಮಿನಲ್ಲಿ ಸೇರಿ, ಆ ವಾರ ಸಿಕ್ಕ ಸಾಫ್ಟ್‌ವೇರ್ ದೋಷಗಳ, ಅಂದರೆ ಬಗ್‌ಗಳ ಬಗ್ಗೆ ಹರಟುತ್ತಿದ್ದ ಏಳು ಜನ ವರ್ಷಕ್ಕೊಮ್ಮೆ ಕಾಲೇಜೊಂದರ ಸಭಾಂಗಣ ಹಿಡಿದು ನಡೆಸುವ ಒಂದು ದಿನದ ಹ್ಯಾಕಿಂಗ್ ಸಮ್ಮೇಳನ. 300 ಕುರ್ಚಿ, ಎಂಟು ಟಾಕು, ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತು. ಭಾಷಣಕಾರರನ್ನು ಕರೆತರುವ ಕೆಲಸವನ್ನು ಐದು ವರ್ಷದಿಂದ ನನ್ನ ತಲೆಗೆ ಕಟ್ಟಿದ್ದಾರೆ. ಹ್ಯಾಕಿಂಗ್ ಅಂದರೆ ಕಳ್ಳತನ ಕಲಿಸೋದಾ ಅಂತ ನಮ್ಮಮ್ಮ ಇನ್ನೂ ಕೇಳುತ್ತಾರೆ. ಬೀಗ ರಿಪೇರಿ ಮಾಡುವವನಿಗೆ ಕೀಲಿಯಿಲ್ಲದೆ ಬೀಗ ತೆಗೆಯೋಕೂ ಬರಬೇಕಲ್ಲಮ್ಮ ಅಂತ ನಾನು. ಅವರಿಗೆ ಸಮಾಧಾನವಾದಂತೆ ಕಾಣುವುದಿಲ್ಲ.

ಈ ಲೋಕದಲ್ಲಿ ಭಾಷಣಕಾರರನ್ನು ಆರಿಸುವುದಕ್ಕೆ ಒಂದು ರೂಢಿ ಇದೆ. ಸಮ್ಮೇಳನಕ್ಕೆ ಐದಾರು ತಿಂಗಳು ಇರುವಾಗ 'ಕಾಲ್ ಫಾರ್ ಪೇಪರ್ಸ್' ಹೊರಡಿಸುತ್ತಾರೆ. ನಾವು ಸಿಎಫ್‌ಪಿ ಅನ್ನುತ್ತೇವೆ. ಪೇಪರ್ ಅನ್ನುವುದು ಹೆಸರಿಗೆ ಮಾತ್ರ, ಯಾರೂ ಪ್ರಬಂಧ ಬರೆಯುವುದಿಲ್ಲ. ಏನು ಹೇಳುತ್ತೇನೆ, ಅದರಲ್ಲಿ ಹೊಸತೇನು, ಡೆಮೊ ಇದೆಯೇ ಎಂದು ಫಾರಂ ತುಂಬಿದರೆ ಸಾಕು. ಬಂದದ್ದನ್ನು ನಾಲ್ಕೈದು ಜನ ಓದಿ ಅಂಕ ಹಾಕುತ್ತಾರೆ. 1993ರಲ್ಲಿ ಜೆಫ್ ಮಾಸ್ ಲಾಸ್ ವೇಗಸ್‌ನಲ್ಲಿ ಡೆಫ್‌ಕಾನ್ ಎಂಬ ಹ್ಯಾಕರ್ ಸಮ್ಮೇಳನ ಶುರು ಮಾಡಿದಾಗ ಅದು ಊರು ಬಿಡಲಿದ್ದ ಗೆಳೆಯನಿಗೆಂದು ಯೋಚಿಸಿದ್ದ ಪಾರ್ಟಿ. ನೂರು ಜನರ ಆಸುಪಾಸು ಸೇರಿದ್ದರು. ಇವತ್ತು ಅಲ್ಲಿ ವೇದಿಕೆ ಸಿಗುವುದೆಂದರೆ ಈ ಕಸುಬಿನವರಿಗೆ ಡಿಗ್ರಿ ಸಿಕ್ಕಿದ ಹಾಗೆ. 2009ರಲ್ಲಿ ಅದೇ ಊರಿನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನಕ್ಕೆ ಒಳ್ಳೆಯ ಟಾಕ್‌ಗಳು ಜಾಗಕ್ಕಿಂತ ಹೆಚ್ಚಾಗಿ ಬಂದವು. ಜಾಗ ಸಿಗದವರು ಒಂದು ಮನೆ ಬಾಡಿಗೆಗೆ ಹಿಡಿದು ತಮ್ಮದೇ ಸಮ್ಮೇಳನ ನಡೆಸಿದರು. ಅದಕ್ಕೆ ಬಿಸೈಡ್ಸ್ ಅಂತ ಹೆಸರಿಟ್ಟರು. ಬಿ ಸೈಡ್ ಅಂದರೆ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಅಂತ ಆ ಕಾಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಂತೂ ಒಳ್ಳೊಳ್ಳೆಯ ಹಾಡುಗಳೆಲ್ಲ ಆ ಕಡೆಗೇ ಇರುತ್ತಿದ್ದವು.

ಆ 60 ಇಮೇಲಿನಿಂದ ಯಾರೂ ಸಿಗದಿದ್ದರಿಂದ ಮೊದಲ ಎರಡು ವರ್ಷ ಸಿಎಫ್‌ಪಿ ಒಂದನ್ನೇ ನಂಬಬೇಕಾಯಿತು. ಔಟರ್ ರಿಂಗ್ ರೋಡಿನ ಕಂಪನಿಗಳಲ್ಲಿ ನನ್ನ ಹಾಗೇ ಕೆಲಸ ಮಾಡುವ ಹುಡುಗರು ನನಗೆ ಗೊತ್ತಿರುವುದನ್ನೇ ನನಗಿಂತ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ಪಕ್ಷಪಾತ ಬೇಡವೆಂದು ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಎರಡನ್ನೂ ಮುಚ್ಚಿ ಓದುತ್ತಿದ್ದೆವು. ಇದು ಒಳ್ಳೆಯ ಪದ್ಧತಿ, ಈಗಲೂ ಬಿಟ್ಟಿಲ್ಲ. ಆದರೂ ಮೊದಲ ವರ್ಷ ವೇದಿಕೆ ಹತ್ತಿದ ಎಂಟು ಜನರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅರ್ಜಿಯನ್ನೇ ಹಾಕದವರ ಹೆಸರು ಮುಚ್ಚಿ ಏನು ಪ್ರಯೋಜನ? ಫಾರಂ ತುಂಬುವುದೇ ಒಂದು ವಿದ್ಯೆ. ಅದು ಬರುವವರಷ್ಟೇ ನಮಗೆ ಸಿಗುತ್ತಿದ್ದರು.

ಮೂರನೇ ವರ್ಷದಿಂದ ಎಂಟರಲ್ಲಿ ಐದು ಜಾಗ ಸಿಎಫ್‌ಪಿಗೆ, ಮೂರು ಜಾಗ ನಾವೇ ಹೋಗಿ ಕರೆಯುವವರಿಗೆ ಎಂದು ಹಂಚಿಕೊಂಡೆವು. ಕರೆಯುವಾಗ ಅವರ ಯಾವ ಕೆಲಸ ನೋಡಿದೆ, ಅದರಲ್ಲಿ ನನಗೆ ಅರ್ಥವಾಗದೆ ಉಳಿದದ್ದೇನು ಎಂದು ಬರೆಯುತ್ತೇನೆ. ಒಂದು ಇಮೇಲಿಗೆ ಒಂದು ಸಂಜೆ ಹಿಡಿಯುತ್ತದೆ. ವರ್ಷಕ್ಕೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ, ಆದರೆ ಅರ್ಧಕ್ಕರ್ಧ ಉತ್ತರ ಬರುತ್ತದೆ. ಪ್ರಯಾಣ, ವಸತಿ ಖರ್ಚು ಯಾರದು ಅನ್ನುವುದನ್ನು ಮೊದಲ ಪತ್ರದಲ್ಲೇ ಹೇಳುತ್ತೇನೆ. ನಮ್ಮವರು ದುಡ್ಡಿನ ಮಾತನ್ನು ಕೊನೆಗೆ ಇಡುತ್ತಾರೆ, ಬರುವವರೂ ಸಂಕೋಚಕ್ಕೆ ಕೇಳುವುದಿಲ್ಲ, ಆಮೇಲೆ ಸುಮ್ಮನಾಗಿಬಿಡುತ್ತಾರೆ.

ಹಾಗೆ ಕರೆದವರಲ್ಲಿ ಒಬ್ಬರು ಪೀಣ್ಯದ ಎಲೆಕ್ಟ್ರಿಷಿಯನ್. ಅವರು ಸಿಕ್ಕಿದ್ದು ಹೀಗೆ. ನಮ್ಮ ಭಾವ ಪೀಣ್ಯ ಎರಡನೇ ಹಂತದಲ್ಲಿ ಸಣ್ಣದೊಂದು ಯೂನಿಟ್ ನಡೆಸುತ್ತಾರೆ. ಒಂದು ಶನಿವಾರ ಊಟಕ್ಕೆ ಹೋದಾಗ ಹೈಡ್ರಾಲಿಕ್ ಪ್ರೆಸ್ ಕೆಟ್ಟು ನಿಂತಿತ್ತು. ಐವತ್ತು ದಾಟಿದ ಒಬ್ಬರು ಹಳೇ ಲ್ಯಾಪ್‌ಟಾಪು, ಒಂದು ಕೇಬಲ್ಲು ಹಿಡಿದು ಸ್ಕೂಟರಿನಲ್ಲಿ ಬಂದರು. ಪ್ಯಾನೆಲ್ ತೆಗೆದು ಪಿಎಲ್‌ಸಿಗೆ ಕೇಬಲ್ ಚುಚ್ಚಿದರು. ಪಿಎಲ್‌ಸಿ ಎಂದರೆ ಮೋಟರು, ವಾಲ್ವುಗಳಿಗೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರು. ಇಪ್ಪತ್ತು ನಿಮಿಷದಲ್ಲಿ ಪ್ರೆಸ್ ಓಡುತ್ತಿತ್ತು.

"ಪಾಸ್‌ವರ್ಡೇ ಕೇಳಲಿಲ್ಲವಲ್ಲ?" ಅಂದೆ.

"ಇದಕ್ಕೆಲ್ಲ ಪಾಸ್‌ವರ್ಡ್ ಎಲ್ಲಿ ಸಾರ್? ವೈರು ಸಿಕ್ಕಿದ್ರೆ ಆಯ್ತು."

ಆ ಮಾತು ಕೇಳಿದ್ದೇ ನನಗೆ ಟಾಕ್ ಕಣ್ಣ ಮುಂದೆ ಬಂತು. ಕಾರ್ಖಾನೆ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡುವ ಮಾಡ್‌ಬಸ್ ಎಂಬ ಭಾಷೆ 1979ರದ್ದು. ಅಪ್ಪಣೆ ಕೊಡುತ್ತಿರುವವರು ಯಾರೆಂದು ವಿಚಾರಿಸುವ ಪದ್ಧತಿಯೇ ಅದರಲ್ಲಿಲ್ಲ. ಅದು ಹುಟ್ಟಿದಾಗ ತಂತಿಯ ಆ ತುದಿಯಲ್ಲಿ ಇರುತ್ತಿದ್ದವನು ಅದೇ ಕಾರ್ಖಾನೆಯ ಮನುಷ್ಯ. ನಾವೆಲ್ಲ ಇದನ್ನು ಓದಿ ತಿಳಿದುಕೊಂಡವರು. ಅವರಿಗೆ ಅದು ದಿನನಿತ್ಯದ ಕೆಲಸ.

ಅವರನ್ನು ಒಪ್ಪಿಸಲು ನಾಲ್ಕು ಭೇಟಿ ಬೇಕಾಯಿತು. "ನಾನು ಹ್ಯಾಕರ್ ಅಲ್ಲ ಸಾರ್, ಎಲೆಕ್ಟ್ರಿಷಿಯನ್ನು. ತುಮಕೂರಲ್ಲಿ ಐಟಿಐ ಮಾಡಿದೋನು. ಇಂಗ್ಲಿಷ್ ಬರಲ್ಲ." ಕನ್ನಡದಲ್ಲೇ ಮಾತಾಡಿ ಅಂದೆ. ಬೆಂಗಳೂರಿನ ಇಂಥ ಸಮ್ಮೇಳನದಲ್ಲಿ ಕನ್ನಡದಲ್ಲಿ ಮಾತಾಡಿ ಅನ್ನುವುದು ಅವರಿಗಿಂತ ನಮ್ಮ ಸಮಿತಿಗೇ ವಿಚಿತ್ರವಾಗಿ ಕೇಳಿಸಿತು. ಅದಕ್ಕೊಂದು ಗುದ್ದಾಟವೇ ನಡೆಯಿತು. ಕೊನೆಗೆ, ಅವರು ಕನ್ನಡದಲ್ಲಿ ಮಾತಾಡುವಾಗ ಒಬ್ಬ ಹುಡುಗಿ ಪಕ್ಕದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾರಾಂಶ ಟೈಪ್ ಮಾಡುವುದೆಂದು ತೀರ್ಮಾನವಾಯಿತು.

ಫಾರಂ ಅವರು ತುಂಬಲಿಲ್ಲ. ವಾಟ್ಸ್‌ಆ್ಯಪಿನಲ್ಲಿ 11 ನಿಮಿಷದ ಧ್ವನಿ ಸಂದೇಶ ಕಳಿಸಿದರು, ಹಿಂದೆ ಲೇತ್ ಮೆಷಿನ್ನಿನ ಸದ್ದು. ಅದನ್ನೇ ನಾನು ಬರಹಕ್ಕೆ ಇಳಿಸಿದೆ. ಕರೆದವನು ನಾನೇ ಆದ್ದರಿಂದ ಅಂಕ ಹಾಕುವಾಗ ಹೊರಗೆ ಕೂತೆ. ಕರೆದವರಿಗೂ ಅಂಕದ ಪರೀಕ್ಷೆ ಇದ್ದೇ ಇರಬೇಕು, ಇಲ್ಲದಿದ್ದರೆ ಅದು ನೆಂಟರಿಷ್ಟರ ಸಮಾರಂಭವಾಗುತ್ತದೆ. 'ಮಾಡ್‌ಬಸ್ ವಿಷಯ ಎಲ್ಲರಿಗೂ ಗೊತ್ತು, ಇದರಲ್ಲಿ ಹೊಸದೇನು' ಎಂದು ಒಬ್ಬ ಹತ್ತಕ್ಕೆ ಮೂರು ಕೊಟ್ಟ. ಇನ್ನೊಬ್ಬಳು ಹತ್ತು ಕೊಟ್ಟಳು. ಅಂತೂ ಪಾಸಾದರು.

ಆಮೇಲೆ ರಜೆಯ ಸಮಸ್ಯೆ. ಅವರು ದುಡಿಯುವ ಕಡೆಯ ಮಾಲೀಕರಿಗೆ ತೋರಿಸಲು ಲೆಟರ್‌ಹೆಡ್ ಮೇಲೆ ಆಹ್ವಾನ ಬೇಕಿತ್ತು. ಕೊಟ್ಟೆ. ಮರುದಿನ ಫೋನು: "ಸಾರ್, ಅದರಲ್ಲಿ ಹ್ಯಾಕಿಂಗ್ ಅಂತ ಇದೆ. ಓನರ್ರು ಹೆದರಿಬಿಟ್ಟಿದ್ದಾರೆ, ನಮ್ಮ ಮೆಷಿನ್‌ಗೆ ಏನ್ ಮಾಡಿದೆಯೋ ಅಂತ ಕೇಳ್ತಾವ್ರೆ." ಕೈಗಾರಿಕಾ ಯಂತ್ರಗಳ ಸುರಕ್ಷತಾ ಕಾರ್ಯಾಗಾರ ಎಂದು ಬದಲಿಸಿ ಇನ್ನೊಂದು ಬರೆದೆ. ಈಗ ನನ್ನ ಹತ್ತಿರ ಎರಡೂ ನಮೂನೆ ಸಿದ್ಧ ಇರುತ್ತವೆ.

ಎರಡು ಭಾನುವಾರ ಅಭ್ಯಾಸ ಮಾಡಿಸಿದೆವು. ಮೊದಲ ಸಲ ನಮಗೆ ಬೆನ್ನು ಕೊಟ್ಟು ಪ್ಯಾನೆಲ್ ನೋಡಿಕೊಂಡೇ ಅರ್ಧ ಗಂಟೆ ಮಾತಾಡಿದರು. ಮೂವತ್ತು ವರ್ಷ ಪ್ಯಾನೆಲ್ ಜೊತೆ ಮಾತಾಡಿದವರು, ಪಾಪ. ಹಾಗಾಗಿ ಡೆಮೊ ಬೋರ್ಡನ್ನು ಮೇಜಿನ ಮೇಲೆ, ಅವರಿಗೂ ಜನಕ್ಕೂ ನಡುವೆ ಇಟ್ಟೆವು. ಸ್ಲೈಡು ಬೇಡವೇ ಬೇಡ ಅಂದೆವು.

ಆ ದಿನ ಬೋರ್ಡಿನ ಮೇಲೆ ಒಂದು ಪಿಎಲ್‌ಸಿ, ಒಂದು ಪುಟ್ಟ ಮೋಟರು, ಮೂರು ದೀಪ. ಸಭೆಯಿಂದ ಒಬ್ಬ ವಿದ್ಯಾರ್ಥಿಯನ್ನು ಕರೆದು ಲ್ಯಾಪ್‌ಟಾಪಿನಿಂದ ಒಂದು ಸಂಖ್ಯೆ ಬದಲಿಸು ಅಂದರು. ಬದಲಿಸಿದ. ಮೋಟರಿನ ವೇಗ ಏರಿತು, ಎಲ್ಲೂ ಯಾರೂ 'ನೀನ್ಯಾರಪ್ಪ' ಅನ್ನಲಿಲ್ಲ. ಅಲ್ಲಿಯವರೆಗಿನದು ನಾವು ನಿರೀಕ್ಷಿಸಿದ್ದೇ. ಮುಂದಿನ ಇಪ್ಪತ್ತು ನಿಮಿಷ ನಮ್ಮಲ್ಲಿ ಯಾರೂ ಬರೆದುಕೊಡಲಾಗದ್ದು. ಪ್ರೆಸ್ಸಿನ ಬಾಗಿಲು ತೆಗೆದರೆ ಯಂತ್ರ ನಿಲ್ಲಬೇಕು, ಅದಕ್ಕೊಂದು ಸ್ವಿಚ್ ಇರುತ್ತದೆ. ನಿಂತರೆ ಪ್ರೊಡಕ್ಷನ್ ಹೋಗುತ್ತದೆಂದು ಆ ಸ್ವಿಚ್ಚಿಗೆ ಇನ್ಸುಲೇಷನ್ ಟೇಪ್ ಸುತ್ತಿರುತ್ತಾರೆ. ಯಂತ್ರ ಮಾರಿದವರು ದೂರದಿಂದಲೇ ರಿಪೇರಿ ಮಾಡಲು ಸಿಮ್ ಹಾಕಿದ ರೌಟರನ್ನು ಪ್ಯಾನೆಲ್ಲಿನೊಳಗೆ ಕೂರಿಸಿ ಹೋಗಿರುತ್ತಾರೆ, ಅದು ಅಲ್ಲಿದೆ ಅನ್ನುವುದೇ ಮಾಲೀಕರಿಗೆ ಗೊತ್ತಿರುವುದಿಲ್ಲ. "ಟೇಪು ಇರೋ ಕಡೆ ಆ ರೌಟರೂ ಇತ್ತು ಅಂದ್ಕೊಳ್ಳಿ, ಹೊರಗಿಂದ ಯಾರಾದ್ರೂ ಮೆಷಿನ್ ಓಡಿಸಿದ್ರೆ ಕೈ ಹೋಗೋದು ಆಪರೇಟರ್ದು" ಅಂದರು. ಸಭೆ ಸ್ತಬ್ಧವಾಯಿತು. ಹೊಸದೇನು ಅಂದಿದ್ದ ನಮ್ಮ ಗೆಳೆಯ ನೋಟ್ಸ್ ಬರೆದುಕೊಳ್ಳುತ್ತಿದ್ದ. ಪ್ರಶ್ನೋತ್ತರದಲ್ಲಿ ಒಬ್ಬ ಹಿಂದಿಯಲ್ಲಿ ಕೇಳಿದಾಗ ಅವರು ಸಲೀಸಾಗಿ ಹಿಂದಿಯಲ್ಲೇ ಉತ್ತರಿಸಿದರು. ಪೀಣ್ಯದ ಶಾಪ್ ಫ್ಲೋರಿನಲ್ಲಿ ದಿನಾ ಅದೇ ಭಾಷೆ, ಇಂಗ್ಲಿಷ್ ಒಂದಕ್ಕೇ ಅವರು ಹೆದರಿದ್ದು.

ಎಲ್ಲ ಕರೆಯೋಲೆಯೂ ಹೀಗೆ ದಡ ಮುಟ್ಟುವುದಿಲ್ಲ. ಒಬ್ಬ ಭಾಷಣಕಾರ ಸಮ್ಮೇಳನಕ್ಕೆ ಎರಡು ದಿನ ಇರುವಾಗ 'ನಮ್ಮ ಲೀಗಲ್ ಟೀಮ್ ಬೇಡ ಅಂತಿದೆ' ಎಂದು ಕೈಯೆತ್ತಿದ. ಇದೇನೂ ಹೊಸ ಕಥೆಯಲ್ಲ. 2005ರ ಬ್ಲ್ಯಾಕ್ ಹ್ಯಾಟ್‌ನಲ್ಲಿ ಸಿಸ್ಕೋ ಕಂಪನಿಯ ರೌಟರುಗಳಲ್ಲಿನ ದೋಷದ ಬಗ್ಗೆ ಸಂಶೋಧಕ ಮೈಕೆಲ್ ಲಿನ್ ಮಾತಾಡಬಾರದೆಂದು ಸಮ್ಮೇಳನದ ಪುಸ್ತಕದಿಂದ ಅವರ ಪುಟಗಳನ್ನೇ ಹರಿದು ತೆಗೆಯಲಾಗಿತ್ತು. ಲಿನ್ ನೌಕರಿಗೆ ರಾಜೀನಾಮೆ ಕೊಟ್ಟು ವೇದಿಕೆ ಹತ್ತಿದರು. 2008ರಲ್ಲಿ ಬಾಸ್ಟನ್ ಮೆಟ್ರೋ ಟಿಕೆಟ್ ವ್ಯವಸ್ಥೆಯ ದೋಷಗಳ ಬಗ್ಗೆ ಡೆಫ್‌ಕಾನ್‌ನಲ್ಲಿ ಮಾತಾಡಬೇಕಿದ್ದ ಎಂಐಟಿಯ ಮೂವರು ವಿದ್ಯಾರ್ಥಿಗಳಿಗೆ ಕೋರ್ಟಿನ ತಡೆಯಾಜ್ಞೆ ಬಂತು. ಅಷ್ಟರಲ್ಲಿ ಸ್ಲೈಡುಗಳಿದ್ದ ಸಿಡಿ ಬಂದವರ ಕೈಗೆಲ್ಲ ಸೇರಿಯಾಗಿತ್ತು.

ನಮ್ಮ ಹುಡುಗರಿಂದ ಲಿನ್ ಥರದ ಧೈರ್ಯ ನಿರೀಕ್ಷಿಸುವ ಹಕ್ಕು ನನಗಿಲ್ಲ. ನಮ್ಮ ಐಟಿ ಕಾಯಿದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಯಜಮಾನರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೈಹಾಕಿದರೆ, ಅದರಲ್ಲಿ ಅಪ್ರಾಮಾಣಿಕತೆ ಕಂಡರೆ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಮತಯಂತ್ರವೊಂದನ್ನು ಪರೀಕ್ಷಿಸಿ ಅದರ ದೋಷ ತೋರಿಸಿದ್ದ ಹೈದರಾಬಾದಿನ ಹರಿ ಪ್ರಸಾದ್ ಅವರನ್ನು 2010ರ ಆಗಸ್ಟ್‌ನಲ್ಲಿ, ಆ ಯಂತ್ರ ಕೊಟ್ಟವರು ಯಾರೆಂದು ಕೇಳಿ ಬಂಧಿಸಿದ್ದು ಈ ಕಸುಬಿನವರಿಗೆ ಮರೆತಿಲ್ಲ. ಹಾಗಾಗಿ ಫಾರಂನಲ್ಲಿ ಎರಡು ಪ್ರಶ್ನೆ ಕಡ್ಡಾಯ ಮಾಡಿದ್ದೇನೆ: ದೋಷ ಇರುವ ಕಂಪನಿಗೆ ಯಾವ ತಾರೀಕಿಗೆ ತಿಳಿಸಿದಿರಿ? ನೌಕರಿ ಕೊಟ್ಟವರ ಒಪ್ಪಿಗೆ ಬರಹದಲ್ಲಿದೆಯೇ? ದೋಷ ಹುಡುಕುವ ಗೂಗಲ್ಲಿನ ಪ್ರಾಜೆಕ್ಟ್ ಝೀರೋ ತಂಡ ಅದನ್ನು ಸರಿಪಡಿಸಲು ಕಂಪನಿಗೆ ಕೊಡುವ 90 ದಿನದ ಗಡುವನ್ನೇ ನಾವೂ ಅಳತೆಗೋಲು ಮಾಡಿಕೊಂಡಿದ್ದೇವೆ. ಕಂಪನಿ ಉತ್ತರಿಸದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಿ ಅನ್ನುತ್ತೇವೆ. ಹೋದ ವರ್ಷ ಕೊನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳ ಟಾಕನ್ನು, ಆ್ಯಪಿನ ಹೆಸರು, ಬಣ್ಣ, ಲೋಗೊ ಎಲ್ಲ ಮಸಿ ಬಳಿದು ನಡೆಸಿದೆವು. ಬಣ್ಣ ಯಾಕೆ ಅಂತ ಅವಳು ಕೇಳಿದಳು. ಬಣ್ಣ ನೋಡಿದರೆ ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿತ್ತು.

ಹೊರದೇಶದವರನ್ನು ಕರೆಯುವವರಿಗೆ ಒಂದೇ ಮಾತು: ಟೂರಿಸ್ಟ್ ವೀಸಾದಲ್ಲಿ ಬಂದು ಮಾತಾಡಿ ಹೋಗಿ ಅನ್ನಬೇಡಿ. ಸಮ್ಮೇಳನಕ್ಕೆ ಬೇರೆಯದೇ ವೀಸಾ ಇದೆ, ಅದಕ್ಕೆ ಸಂಘಟಕರ ಆಹ್ವಾನ ಪತ್ರ ಬೇಕು, ತಿಂಗಳುಗಳ ಮೊದಲೇ ಶುರು ಮಾಡಿ. ಪ್ರಾಯೋಜಕರು ದುಡ್ಡಿನ ಜೊತೆಗೆ ಒಬ್ಬ ಭಾಷಣಕಾರನನ್ನೂ ಕೊಡಲು ಬರುತ್ತಾರೆ. ಹೊರಗೆ ಸ್ಟಾಲ್ ಹಾಕಿಕೊಳ್ಳಿ, ವೇದಿಕೆ ಮಾತ್ರ ಕೇಳಬೇಡಿ ಅನ್ನುತ್ತೇನೆ. ಹಾಗೆ ಅಂದದ್ದಕ್ಕೆ ಒಂದು ವರ್ಷ ಟೀ ಶರ್ಟು ಇರಲಿಲ್ಲ.

ಈ ವರ್ಷದ ಸಿಎಫ್‌ಪಿ ತೆರೆದು ಮೂರು ವಾರವಾಯಿತು. ಫಾರಂಗಳು ಬರುತ್ತಿವೆ, ಚೆನ್ನಾಗೇ ಇವೆ. ಪೀಣ್ಯದವರು ಒಂದು ನಂಬರು ಕಳಿಸಿದ್ದಾರೆ, ಅಪಾರ್ಟ್‌ಮೆಂಟುಗಳ ಲಿಫ್ಟ್ ರಿಪೇರಿ ಮಾಡುವವರದ್ದಂತೆ. ನಿನ್ನೆ ಫೋನ್ ಮಾಡಿದೆ. "ನಾನೇನ್ ಮಾತಾಡ್ಲಿ ಸಾರ್ ಅಲ್ಲಿ, ಯೋಚನೆ ಮಾಡಿ ಹೇಳ್ತೀನಿ" ಅಂದರು. ಸೋಮವಾರ ಇನ್ನೊಮ್ಮೆ ಮಾಡಬೇಕು.